ಹತ್ತು ಟನ್ ಗಾಡಿ, ತಿಂಗಳಿಗೆ ಎರಡು ದಿನ

ವಾರವಿಡೀ ಪುಟ್ಟ ಕಾರು ಓಡಿಸಿದ ಕಾಲು ಶನಿವಾರ ಬೆಳಿಗ್ಗೆ ಹತ್ತು ಟನ್ ಲಾರಿಯ ಬ್ರೇಕ್ ಮೇಲೆ ಕೂರುತ್ತದೆ. ಮೀಸಲು ಸೇನೆಯಲ್ಲಿ ಡ್ರೈವರ್ ಕೆಲಸ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಸಮವಸ್ತ್ರ, ಕವಾಯತು, ಬಂದೂಕು ಎಲ್ಲ ಆಮೇಲೆ.

ಕಾಯಂ ಸೈನಿಕರಿಗೆ ಗಾಡಿ ದಿನದ ಕೆಲಸ. ನಮಗೆ ಹಾಗಲ್ಲ. ಹಲವು ದೇಶಗಳಲ್ಲಿ ಮೀಸಲು ಸೈನಿಕರ ಲೆಕ್ಕ ಹೆಚ್ಚುಕಡಿಮೆ ಒಂದೇ. ತಿಂಗಳಿಗೊಂದು ಶನಿವಾರ-ಭಾನುವಾರ, ವರ್ಷಕ್ಕೊಮ್ಮೆ ಎರಡು ವಾರದ ಶಿಬಿರ. ಉಳಿದ ದಿನ ನಾವು ಗುಮಾಸ್ತರು, ನರ್ಸುಗಳು, ಮೇಷ್ಟ್ರುಗಳು, ಪ್ಲಂಬರ್‌ಗಳು. ಕೆಲವರು ಹೊರಗೂ ಲಾರಿಯನ್ನೇ ಓಡಿಸುವವರು. ಅವರು ಕ್ಯಾಬಿನ್ ಹತ್ತಿ ಕೂತ ರೀತಿಯಲ್ಲೇ ಅದು ಗೊತ್ತಾಗುತ್ತದೆ. ಸೀಟು ಸರಿಮಾಡಿಕೊಳ್ಳುವ ಮೊದಲೇ ಕಣ್ಣು ಎರಡೂ ಕನ್ನಡಿ ನೋಡಿ ಬಂದಿರುತ್ತದೆ. ನನ್ನ ಹಾಗೆ ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವರು ಪ್ರತಿ ಸಲವೂ ಕೈಕಾಲಿಗೆ ಮತ್ತೆ ಹೇಳಿಕೊಡಬೇಕು.

ಹೇಳಿಕೊಡಬೇಕಾದ್ದು ಮುಖ್ಯವಾಗಿ ತೂಕದ ವಿಷಯ. ಕಾರಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಗಾಡಿ ಹಿಡಿಯುತ್ತದೆ. ಲಾರಿಯದು ಗಾಳಿಯ ಒತ್ತಡದಿಂದ ಹಿಡಿಯುವ ಏರ್ ಬ್ರೇಕು. ಅದರಲ್ಲಿ ಪೆಡಲ್ ಒತ್ತಿದಾಗ ವಾಲ್ವ್ ತೆರೆಯಬೇಕು, ಗಾಳಿ ಪೈಪಿನಲ್ಲಿ ಹಿಂದಿನ ಚಕ್ರದವರೆಗೆ ಹೋಗಬೇಕು, ಆಮೇಲೆ ಹಿಡಿತ. ಅರೆಕ್ಷಣದ ಮಾತು. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡು ಅಂದರೆ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ. ಇದು ಪುಸ್ತಕ ಓದಿದವರಿಗೆಲ್ಲ ಗೊತ್ತು. ಕಾಲಿಗೆ ಗೊತ್ತಿರುವುದಿಲ್ಲ. ಕಾಲಿಗೆ ಗೊತ್ತಾಗಬೇಕಾದರೆ ಓಡಿಸಬೇಕು, ಬೇರೆ ದಾರಿಯಿಲ್ಲ.

ಎತ್ತರವೂ ಹಾಗೇ. ಹಳ್ಳ ದಿಣ್ಣೆ ದಾಟಬೇಕು ಅಂತ ಸೇನೆಯ ಲಾರಿಯನ್ನು ನೆಲದಿಂದ ಎತ್ತರಕ್ಕೆ ಕಟ್ಟಿರುತ್ತಾರೆ. ಅದರ ಮೇಲೆ ಸಾಮಾನು, ಸಾಮಾನಿನ ಮೇಲೆ ಟಾರ್ಪಾಲು, ಕೆಲವು ಗಾಡಿಗಳಿಗೆ ಉಕ್ಕಿನ ಕವಚ. ಭಾರವೆಲ್ಲ ಮೇಲೆ ಹೋದಷ್ಟೂ ತಿರುವಿನಲ್ಲಿ ಗಾಡಿ ವಾಲುವುದು ಜಾಸ್ತಿ. ಇದರಲ್ಲಿ ನೀರಿನ ಟ್ಯಾಂಕರ್‌ನದು ಬೇರೆಯೇ ಪಾಠ. ಪೂರ್ತಿ ತುಂಬಿದ ಟ್ಯಾಂಕರ್‌ಗಿಂತ ಅರ್ಧ ತುಂಬಿದ್ದಕ್ಕೆ ನಾನು ಹೆಚ್ಚು ಹೆದರುತ್ತೇನೆ. ಗಾಡಿ ನಿಂತ ಮೇಲೂ ಒಳಗಿನ ನೀರು ನಿಂತಿರುವುದಿಲ್ಲ. ಮುಂದಕ್ಕೆ ಬಂದು ಗುದ್ದುತ್ತದೆ, ನಿಂತ ಗಾಡಿ ಮತ್ತೆ ಒಂದು ಗೇಣು ಜರುಗುತ್ತದೆ. ಟ್ಯಾಂಕಿನೊಳಗೆ ಅಡ್ಡ ತಡೆಗಳಿರುತ್ತವೆ, ನಿಜ. ಅವು ಹಿಂದೆ ಮುಂದೆ ಹೋಗುವ ಅಲೆಯನ್ನು ಮುರಿಯುತ್ತವೆ. ತಿರುವಿನಲ್ಲಿ ಪಕ್ಕಕ್ಕೆ ಓಡುವ ನೀರನ್ನು ಅಷ್ಟಾಗಿ ತಡೆಯುವುದಿಲ್ಲ. ಹಾಗಾಗಿ ತಿರುವು ಬರುವುದಕ್ಕೆ ಬಹಳ ಮೊದಲೇ ವೇಗ ಇಳಿಸಿರಬೇಕು. ತಿರುವಿನೊಳಗೆ ಹೋದ ಮೇಲೆ ಬ್ರೇಕ್ ಒತ್ತಿದರೆ ನೀರಿಗೆ ಇನ್ನೊಂದು ದಿಕ್ಕು ಕೊಟ್ಟ ಹಾಗಾಯಿತು.

ಇನ್ನು ಗಾಡಿ. ಒಂದು ಮಾತು ಹೊರಗಿನವರಿಗೆ ಹೇಳಿದರೆ ನಂಬುವುದೇ ಇಲ್ಲ. ದಿನಾ ಓಡುವ ಗಾಡಿಗಿಂತ ನಿಂತ ಗಾಡಿ ಬೇಗ ಕೆಡುತ್ತದೆ. ಮೀಸಲು ಘಟಕದ ಲಾರಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತದೆ. ಬ್ಯಾಟರಿ ಇಳಿಯುತ್ತದೆ. ಟೈರಿನ ಒಂದೇ ಭಾಗದ ಮೇಲೆ ಇಡೀ ಭಾರ ಕೂತು ಅಲ್ಲಿ ಚಪ್ಪಟೆಯಾಗುತ್ತದೆ. ಬ್ರೇಕ್ ಡ್ರಮ್ಮಿಗೆ ತುಕ್ಕು ಹಿಡಿಯುತ್ತದೆ. ರಬ್ಬರ್ ಸೀಲುಗಳು ಒಣಗಿ ಎಣ್ಣೆ ಜಿನುಗುತ್ತದೆ. ಅದಕ್ಕೇ ಶನಿವಾರ ಬೆಳಗಿನ ಮೊದಲ ಗಂಟೆ ಪೂರ್ತಿ ಗಾಡಿಯ ಸುತ್ತ ಹೋಗುತ್ತದೆ. ಹೊರಡುವ ಮೊದಲು ಒಂದು ಸಲ, ದಾರಿಯಲ್ಲಿ ನಿಂತಾಗ ಒಂದು ಸಲ, ವಾಪಸ್ ಬಂದ ಮೇಲೆ ಒಂದು ಸಲ ನೋಡಬೇಕು. ಬಹುತೇಕ ಎಲ್ಲ ಸೇನೆಗಳಲ್ಲೂ ಈ ಮೂರು ಪರೀಕ್ಷೆ ಇದೆ. ಹೆಸರು ಬೇರೆ, ಕೆಲಸ ಒಂದೇ.

ನಾನು ಕೆಳಗಿನಿಂದ ಶುರು ಮಾಡುತ್ತೇನೆ. ಮೊದಲು ನೆಲ ನೋಡುತ್ತೇನೆ. ಎಣ್ಣೆ ಬಿದ್ದಿದೆಯಾ, ನೀರು ಬಿದ್ದಿದೆಯಾ, ಎಲ್ಲಿಂದ ಬಿದ್ದಿದೆ. ಆಮೇಲೆ ಚಕ್ರದ ನಟ್‌ಗಳು. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಕೆಳಗಿಳಿದಿದ್ದರೆ ಅದು ಸಡಿಲವಾಗಿ ಅಲ್ಲಾಡುತ್ತಿದೆ ಅಂತ ಅರ್ಥ. ಆಮೇಲೆ ಗಾಳಿ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ಒಳಗೆ ಕೂಡಿದ ನೀರು ಹೊರಗೆ ಬಿಡಬೇಕು. ಬುಸ್ ಅಂತ ಬರುವ ಗಾಳಿ ಮೊದಲು ಕೊಳಕು ನೀರನ್ನು ಉಗುಳಿ, ನಿಧಾನವಾಗಿ ಬರೀ ಗಾಳಿಯಾಗುತ್ತದೆ. ಆ ನೀರು ಒಳಗೇ ಉಳಿದರೆ ಬ್ರೇಕಿನ ಪೈಪು, ವಾಲ್ವ್ ತುಕ್ಕು ಹಿಡಿಯುತ್ತವೆ. ಚಳಿ ಜಾಸ್ತಿಯಾದರೆ ಅಲ್ಲೇ ಹೆಪ್ಪುಗಟ್ಟುತ್ತದೆ.

ನನಗೆ ಅತಿ ಇಷ್ಟದ ಪರೀಕ್ಷೆ ದಾರಿಯಲ್ಲಿ ನಿಂತಾಗ ಮಾಡುವುದು. ಕ್ಯಾಬಿನ್‌ನಿಂದ ಇಳಿದು ಒಂದೊಂದೇ ಚಕ್ರದ ಹತ್ತಿರ ಹೋಗಿ, ಅಂಗೈ ಅಲ್ಲ, ಕೈಯ ಹಿಂಭಾಗವನ್ನು ಹಬ್, ಅಂದರೆ ಚಕ್ರದ ನಡುಭಾಗದ ಹತ್ತಿರ ತರಬೇಕು. ಮುಟ್ಟುವ ಮೊದಲೇ ಬಿಸಿ ಗೊತ್ತಾಗುತ್ತದೆ. ಎಲ್ಲ ಚಕ್ರವೂ ಒಂದೇ ಸಮ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಟ್ಟುಕೊಳ್ಳದೆ ಉಜ್ಜುತ್ತಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಒಂದು ಚಕ್ರ ಮಾತ್ರ ತಣ್ಣಗಿದ್ದರೂ ಯೋಚಿಸಬೇಕು. ಅದರ ಬ್ರೇಕ್ ಕೆಲಸವೇ ಮಾಡುತ್ತಿಲ್ಲ ಅಂತಾಗಬಹುದು. ಡ್ಯಾಶ್‌ಬೋರ್ಡಿನ ಯಾವ ಮುಳ್ಳೂ ಇದನ್ನು ನನಗೆ ಹೇಳುವುದಿಲ್ಲ. ಗಾಡಿಯನ್ನು ಒಂದು ಸುತ್ತು ಬರುವುದಕ್ಕೆ ಹಿಡಿಯುವುದು ಒಂದೆರಡು ನಿಮಿಷ. ಮಳೆಯಲ್ಲಿ, ನಿದ್ದೆಗಣ್ಣಿನಲ್ಲಿ ಆ ಒಂದೆರಡು ನಿಮಿಷ ಇಳಿಯುವ ಡ್ರೈವರ್ ಮೇಲೆ ನನಗೆ ತುಂಬಾ ಗೌರವ.

(ಬ್ಯಾಟರಿ ಇಳಿದ ಗಾಡಿಗೆ ಪಕ್ಕದ ಕಾರಿನಿಂದ ಕರೆಂಟ್ ಕೊಟ್ಟರಾಯಿತು ಅಂದುಕೊಳ್ಳುವವರಿಗೆ ಒಂದು ಮಾತು. ಸೇನೆಯ ಗಾಡಿಗಳು ಸಾಮಾನ್ಯವಾಗಿ 24 ವೋಲ್ಟ್, ಮನೆಯ ಕಾರು 12 ವೋಲ್ಟ್. ದಯವಿಟ್ಟು ಸೇರಿಸಬೇಡಿ.)

ರಿವರ್ಸ್ ಹೋಗುವಾಗ ಮುಂದೆಯೋ ಹಿಂದೆಯೋ ಒಬ್ಬರು ನಿಂತು ದಾರಿ ತೋರಿಸಲೇಬೇಕು. ಲಾರಿಯ ಹಿಂದೆ, ಕ್ಯಾಬಿನ್ನಿನ ಎಡಬಲದಲ್ಲಿ ಡ್ರೈವರ್‌ಗೆ ಏನೂ ಕಾಣದ ಜಾಗಗಳಿವೆ. ಎಂಜಿನ್ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ಆದ್ದರಿಂದ ಎಲ್ಲ ಕೈಸನ್ನೆಯಲ್ಲೇ. ದಾರಿ ತೋರಿಸುವವರು ಗಾಡಿಗೂ ಗೋಡೆಗೂ ನಡುವೆ, ಎರಡು ಗಾಡಿಗಳ ನಡುವೆ ಯಾವತ್ತೂ ನಿಲ್ಲಬಾರದು. ಡ್ರೈವರ್‌ಗೆ ಒಂದೇ ನಿಯಮ. ದಾರಿ ತೋರಿಸುವವರು ಕಾಣದಿದ್ದರೆ ನಿಲ್ಲಿಸು.

ಒಂದು ರಾತ್ರಿ ಶಿಬಿರದಲ್ಲಿ ಮರಗಳ ನಡುವೆ ಲಾರಿ ಹಿಂದಕ್ಕೆ ತೆಗೆಯುತ್ತಿದ್ದೆ. ಹಿಂದೆ ಟಾರ್ಚ್ ಹಿಡಿದು ನಿಂತಿದ್ದ ಹುಡುಗಿ ಹೊಸಬಳು. ವಾರದ ದಿನಗಳಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಚೆನ್ನಾಗಿಯೇ ತೋರಿಸುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಕನ್ನಡಿಯಲ್ಲಿ ಟಾರ್ಚ್ ಇಲ್ಲ. ನಿಲ್ಲಿಸಿದೆ. ಎಂಜಿನ್ನೂ ಆಫ್ ಮಾಡಿದೆ. ಸ್ವಲ್ಪ ಹೊತ್ತಿಗೆ ಅವಳು ಬಾಗಿಲ ಹತ್ತಿರ ಬಂದಳು.

"ಯಾಕೆ ಸರ್ ನಿಲ್ಲಿಸಿದ್ರಿ? ಜಾಗ ಇನ್ನೂ ಬೇಕಾದಷ್ಟಿದೆ."

"ನೀವು ಕಾಣಲಿಲ್ಲ."

"ಟಾರ್ಚ್ ಕೈಜಾರಿ ಬಿತ್ತು ಸರ್. ಎತ್ತಿಕೊಳ್ಳೋಕೆ ಬಗ್ಗಿದೆ ಅಷ್ಟೆ."

ಎಲ್ಲಿ ಬಗ್ಗಿದಿರಿ ಅಂತ ಕೇಳಿದೆ. ಅವಳು ಹಿಂದೆ ಹೋಗಿ ಆ ಜಾಗ ತೋರಿಸಿದಳು. ಎಡಗಡೆ ಚಕ್ರದ ಹಾದಿಯಲ್ಲೇ ಇತ್ತು. ಇಬ್ಬರೂ ಏನೂ ಮಾತಾಡಲಿಲ್ಲ. ಗಾಡಿಯ ಸುತ್ತ ಒಂದು ಸಲ ನಡೆದು ಬಂದು ಮತ್ತೆ ಶುರು ಮಾಡಿದೆವು. ಈಗ ಹೊಸಬರಿಗೆ ಕೈಸನ್ನೆ ಹೇಳಿಕೊಡುವವಳು ಅವಳೇ. ಟಾರ್ಚನ್ನು ದಾರದಲ್ಲಿ ಮಣಿಕಟ್ಟಿಗೆ ಕಟ್ಟಿಕೊಳ್ಳಿ ಅಂತ ಮೊದಲು ಹೇಳುತ್ತಾಳೆ.

ಕಾನ್ವಾಯ್ ಅಂದರೆ ಸಾಲಾಗಿ ಹೋಗುವುದು, ಅದರಲ್ಲೇನಿದೆ ಅನ್ನಿಸಬಹುದು. ಮುಂದಿನ ಗಾಡಿ ಹದವಾಗಿ ಹೋಗುತ್ತಿದ್ದರೂ ಕೊನೆಯ ಗಾಡಿಗೆ ಅದೃಷ್ಟ ಬೇರೆ. ಮುಂದಿನವರು ತಿರುವಿನಲ್ಲಿ ಸ್ವಲ್ಪ ನಿಧಾನ ಮಾಡಿದರೆ ಹಿಂದಿನವರು ಇನ್ನೂ ನಿಧಾನ, ಅದರ ಹಿಂದಿನವರು ಬಹುತೇಕ ನಿಲ್ಲುತ್ತಾರೆ. ಮುಂದಿನವರು ತಿರುವು ದಾಟಿ ವೇಗ ಹಿಡಿದಾಗ ಕೊನೆಯವರು ಇನ್ನೂ ತಿರುವಿನೊಳಗೇ ಇರುತ್ತಾರೆ. ಆಮೇಲೆ ಸಾಲು ಸೇರಿಕೊಳ್ಳಲು ಅವರು ಓಡಿಸಲೇಬೇಕು. ಮೊದಲ ಗಾಡಿ ಗಂಟೆಗೆ 50 ಕಿಲೋಮೀಟರ್ ಮೀರದೇ ಇದ್ದರೂ ಕೊನೆಯ ಗಾಡಿ ಎಷ್ಟೋ ಸಲ ಅದಕ್ಕಿಂತ ತುಂಬಾ ಜೋರಾಗಿ ಹೋಗಿರುತ್ತದೆ. ಅದಕ್ಕೇ ನಿಧಾನದ ಗಾಡಿಯನ್ನು ಮುಂದೆ ಹಾಕುತ್ತಾರೆ, ಕೊನೆಗೆ ಅನುಭವ ಇರುವವರನ್ನು ಇಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಕಾನ್ವಾಯ್ ಚೆನ್ನಾಗಿ ಹೋಯಿತಾ ಅಂತ ಮೊದಲ ಡ್ರೈವರ್‌ನ ಕೇಳಬಾರದು. ಕೊನೆಯವನನ್ನು ಕೇಳಬೇಕು.

ರಾತ್ರಿ ದೀಪ ಆರಿಸಿ ಹೋಗುವಾಗ ಇದೇ ಕೆಲಸ ಹತ್ತು ಪಟ್ಟು ಕಷ್ಟ. ಹೆಡ್‌ಲೈಟ್ ಇಲ್ಲ. ಕೆಲವು ಸೇನೆಗಳಲ್ಲಿ ಮುಂದಿನ ಲಾರಿಯ ಹಿಂದಿನ ಆಕ್ಸಲ್ ನಡುವಿನ ಗುಂಡು, ಅಂದರೆ ಡಿಫರೆನ್ಷಿಯಲ್, ಬಿಳಿ ಬಣ್ಣದಲ್ಲಿರುತ್ತದೆ. ಅದರ ಮೇಲೆ ಚಾಸಿಸ್ ಕೆಳಗಿನಿಂದ ಒಂದು ಪುಟ್ಟ ದೀಪ. ಹಿಂದಿನವನಿಗೆ ಬರೀ ಆ ಬಿಳಿ ಗುಂಡು ಕಾಣುತ್ತದೆ, ಆಕಾಶದಿಂದ ನೋಡುವವನಿಗೆ ಏನೂ ಕಾಣುವುದಿಲ್ಲ. ಅಮೆರಿಕನ್ ಮಾದರಿಯ ಗಾಡಿಗಳಲ್ಲಿ ಬೆಕ್ಕಿನ ಕಣ್ಣಿನಂಥ ಸಣ್ಣ ಹಿಂದೀಪಗಳಿವೆ. ಅವುಗಳನ್ನು ಅಂತರ ಅಳೆಯುವ ಹಾಗೆ ಮಾಡಿದ್ದಾರೆ. ದೂರದಿಂದ ಎಲ್ಲ ಸೇರಿ ಒಂದೇ ಚುಕ್ಕೆ. ಸರಿಯಾದ ಅಂತರದಲ್ಲಿ, ಅಂದರೆ ಸುಮಾರು 60ರಿಂದ 180 ಅಡಿ ಒಳಗೆ, ಎರಡು ಚುಕ್ಕೆ. ಇನ್ನೂ ಹತ್ತಿರ ಹೋದರೆ ಆ ಎರಡೂ ಒಡೆದು ನಾಲ್ಕಾಗುತ್ತವೆ. ನಾಲ್ಕು ಕಂಡರೆ ಕಾಲು ತೆಗೆಯಬೇಕು. ಎಷ್ಟು ಸರಳ ಉಪಾಯ ನೋಡಿ. ಯಾರೋ ಕೂತು ಒಬ್ಬ ದಣಿದ ಡ್ರೈವರ್ ಬಗ್ಗೆ ಯೋಚಿಸಿ ಮಾಡಿದ್ದು.

ಈಗ ರಾತ್ರಿ ಕಾಣುವ ಕನ್ನಡಕಗಳೂ ಇವೆ. ಅವು ಒಳ್ಳೆಯವೇ. ಆದರೆ ಸಾಮಾನ್ಯವಾಗಿ ಬಳಕೆಯಲ್ಲಿರುವವು ಸುಮಾರು 40 ಡಿಗ್ರಿ ಅಗಲದಷ್ಟು ಮಾತ್ರ ತೋರಿಸುತ್ತವೆ. ಆಳ ಗೊತ್ತಾಗುವುದಿಲ್ಲ. ಮುಂದಿರುವುದು ನೆರಳೋ ಗುಂಡಿಯೋ ಅಂತ ತಿಳಿಯುವುದು ಕಷ್ಟ. ಹಾಕಿಕೊಂಡು ನಡೆಯುವುದೇ ಒಂದು ಅಭ್ಯಾಸ, ಓಡಿಸುವುದು ಇನ್ನೊಂದು. ಆ ಅಭ್ಯಾಸಕ್ಕೆ ನಮಗೆ ರಾತ್ರಿಗಳು ಬೇಕು. ಅವೇ ಸಿಗುವುದಿಲ್ಲ. ಆ ವಿಷಯಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ಇತಿಹಾಸದ ಎರಡು ರಸ್ತೆಗಳ ಬಗ್ಗೆ ಹೇಳಬೇಕು. ಅವಿಲ್ಲದೆ ಈ ಕೆಲಸದ ಬಗ್ಗೆ ಯೋಚಿಸುವುದು ನನಗೆ ಆಗುವುದಿಲ್ಲ.

ಮೊದಲನೆಯದು ಮೊದಲ ಮಹಾಯುದ್ಧದ್ದು, 1916ರ ವರ್ಡನ್ ಕದನದ ರಸ್ತೆ. ಫ್ರಾನ್ಸಿನ ಬಾರ್-ಲ-ದ್ಯೂಕ್‌ನಿಂದ ವರ್ಡನ್‌ಗೆ ಹೋಗುತ್ತಿದ್ದ ಒಂದು ಸಣ್ಣ ರಸ್ತೆ. ದೊಡ್ಡ ರೈಲು ಮಾರ್ಗಗಳು ಜರ್ಮನ್ನರ ಕೈಯಲ್ಲಿದ್ದವು, ಇಲ್ಲವೇ ಅವರ ಫಿರಂಗಿಯ ಅಳತೆಯೊಳಗಿದ್ದವು. ಉಳಿದದ್ದು ಕಿರಿದಾದ ಹಳಿಯ ಒಂದು ರೈಲು, ಮತ್ತು ಈ ರಸ್ತೆ. ಯುದ್ಧ ಜೋರಾಗಿದ್ದಾಗ ಅದರ ಮೇಲೆ ಹೆಚ್ಚುಕಡಿಮೆ 14 ಸೆಕೆಂಡಿಗೆ ಒಂದು ಲಾರಿ ಹೋಗುತ್ತಿತ್ತು, ಹಗಲೂ ರಾತ್ರಿ. ವಾರಕ್ಕೆ ಸುಮಾರು 90,000 ಜನ, 50,000 ಟನ್ ಸಾಮಾನು. ನಿಯಮ ಕಟ್ಟುನಿಟ್ಟು. ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ, ಯಾರೂ ನಿಲ್ಲುವಂತಿಲ್ಲ. ಕೆಟ್ಟ ಲಾರಿಯನ್ನು ಪಕ್ಕದ ಚರಂಡಿಗೆ ತಳ್ಳಿ ಸಾಲು ಮುಂದೆ ಹೋಗಬೇಕು. ಫೆಬ್ರವರಿಯ ಕೊನೆಗೆ ಹಿಮ ಕರಗಿ ರಸ್ತೆ ಕೆಸರಾಯಿತು. ಆಗ ರಸ್ತೆಯನ್ನು ಉಳಿಸಿದವರು ಯಾರು? ಸಲಿಕೆ ಹಿಡಿದು ಎರಡೂ ಬದಿ ನಿಂತ ಮೀಸಲು ಸೈನಿಕರು. ಫ್ರಾನ್ಸಿನಲ್ಲಿ ಅವರನ್ನು ಟೆರಿಟೋರಿಯಲ್ ಅನ್ನುತ್ತಿದ್ದರು. ಮುಂಚೂಣಿಯ ಪಡೆಗೆ ವಯಸ್ಸು ಮೀರಿದವರು. ಹತ್ತಿರದ ಕಲ್ಲುಗಣಿಗಳಿಂದ ತಂದ ಕಲ್ಲನ್ನು ಅವರು ಓಡುವ ಲಾರಿಗಳ ಚಕ್ರದಡಿಗೆ ಎಸೆಯುತ್ತಿದ್ದರು. ಗಟ್ಟಿ ರಬ್ಬರಿನ ಚಕ್ರಗಳೇ ಆ ಕಲ್ಲನ್ನು ಅರೆದು ರಸ್ತೆ ಗಟ್ಟಿ ಮಾಡುತ್ತಿದ್ದವು. ಹಾಗಾಗಿ ರಸ್ತೆ ರಿಪೇರಿಗೆ ಸಾಲು ಒಂದು ಕ್ಷಣವೂ ನಿಲ್ಲಬೇಕಾಗಲಿಲ್ಲ. ಆಮೇಲೆ ಆ ರಸ್ತೆಗೆ 'ಪವಿತ್ರ ಮಾರ್ಗ' ಅನ್ನುವ ಹೆಸರು ಬಂತು. ಆ ಸಲಿಕೆಯವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ, ಆದರೂ ಅವರು ನನ್ನ ಕಡೆಯವರು ಅಂತಲೇ ಅನ್ನಿಸುತ್ತದೆ.

ಎರಡನೆಯದು ಎರಡನೇ ಮಹಾಯುದ್ಧದ್ದು, 1944ರ ರೆಡ್ ಬಾಲ್ ಎಕ್ಸ್‌ಪ್ರೆಸ್. ಹೆಸರು ರೈಲಿನದರ ಹಾಗಿದ್ದರೂ ಅದು ಲಾರಿಗಳ ಸಾಲು. ನಾರ್ಮಂಡಿಯಲ್ಲಿ ಇಳಿದ ಮಿತ್ರ ಪಡೆಗಳು ಆಗಸ್ಟಿನಲ್ಲಿ ಎಷ್ಟು ವೇಗವಾಗಿ ಮುಂದೆ ಹೋದವು ಅಂದರೆ ಪೆಟ್ರೋಲು, ಮದ್ದುಗುಂಡು ಅವರನ್ನು ಮುಟ್ಟುತ್ತಲೇ ಇರಲಿಲ್ಲ. ಫ್ರಾನ್ಸಿನ ರೈಲು ಹಳಿಗಳನ್ನು ಬಾಂಬ್ ಹಾಕಿ ಕೆಡಿಸಿದ್ದು ಅವರೇ. ಆಗಸ್ಟ್ 25ರಂದು ಒಂದು ಏಕಮುಖ ರಸ್ತೆಯ ಸುತ್ತು ಶುರುವಾಯಿತು. ಹೋಗುವುದಕ್ಕೆ ಒಂದು ರಸ್ತೆ, ಬರುವುದಕ್ಕೆ ಇನ್ನೊಂದು. ಅದರಲ್ಲಿ ಬೇರೆ ಗಾಡಿಗಳಿಗೆ ಪ್ರವೇಶ ಇಲ್ಲ. ಆಗಸ್ಟ್ 29ರಂದು ಸುಮಾರು 6,000 ಗಾಡಿಗಳು ಆ ಒಂದೇ ದಿನ 12,000 ಟನ್ನಿಗೂ ಹೆಚ್ಚು ಸಾಮಾನು ಸಾಗಿಸಿದವು. ನವೆಂಬರ್ 16ರವರೆಗೆ ನಡೆದ ಈ ಓಟದಲ್ಲಿ ಒಟ್ಟು 4 ಲಕ್ಷ ಟನ್ನಿಗೂ ಜಾಸ್ತಿ ಸಾಮಾನು ಹೋಯಿತು. ಡ್ರೈವರ್‌ಗಳಲ್ಲಿ ಮುಕ್ಕಾಲು ಪಾಲು ಕಪ್ಪು ಅಮೆರಿಕನ್ನರು. ಅವರದೇ ಸೇನೆ ಅವರನ್ನು ಬೇರೆ ಘಟಕಗಳಲ್ಲಿ ಇಟ್ಟಿತ್ತು, ಹೆಚ್ಚಿನವರಿಗೆ ಬಂದೂಕು ಹಿಡಿದು ಮುಂಚೂಣಿಗೆ ಹೋಗುವ ಅವಕಾಶ ಕೊಟ್ಟಿರಲಿಲ್ಲ. ಆದರೆ ಅವರು ಓಡಿಸದಿದ್ದರೆ ಮುಂಚೂಣಿಯ ಟ್ಯಾಂಕುಗಳು ನಿಂತಲ್ಲೇ ನಿಲ್ಲುತ್ತಿದ್ದವು.

ಈ ಕಥೆ ಹೇಳುವಾಗ ಎಲ್ಲರೂ ವೇಗದ ಬಗ್ಗೆಯೇ ಹೇಳುತ್ತಾರೆ. ಗಂಟೆಗೆ 25 ಮೈಲಿ ಅಂತ ಮಿತಿ ಇತ್ತು, ಡ್ರೈವರ್‌ಗಳು ವೇಗ ತಡೆಯುವ ಗವರ್ನರ್ ಕಿತ್ತುಹಾಕಿ ಓಡಿಸಿದರು ಅಂತ. ನಿಜವೇ. ಹುರುಪಿನ ಕಥೆಯೇ. ಆದರೆ ಅದೇ ಇತಿಹಾಸದಲ್ಲಿ ಇನ್ನೊಂದು ಪುಟವಿದೆ. ಮಿತಿ ಮೀರಿದ ಭಾರ, ಎಣ್ಣೆ ನೋಡದೆ ಓಡಿಸಿದ ಎಂಜಿನ್‌ಗಳು, ಸೈನಿಕರು ಊಟ ಮಾಡಿ ರಸ್ತೆಗೆ ಎಸೆದ ಡಬ್ಬಿಗಳ ಅಂಚಿಗೆ ಸಿಕ್ಕಿ ಹರಿದ ಟೈರುಗಳು, ಸ್ಟೇರಿಂಗ್ ಮೇಲೇ ನಿದ್ದೆ ಹೋದ ಡ್ರೈವರ್‌ಗಳು. ಲಾರಿಗಳು ರಾಶಿರಾಶಿಯಾಗಿ ವರ್ಕ್‌ಶಾಪ್ ಸೇರಿದವು. ಅಂಥ ತುರ್ತಿನಲ್ಲಿ ಅದು ಅನಿವಾರ್ಯವಾಗಿತ್ತು. ಮುಂದೆ ಹೋದ ಸೈನ್ಯ ಕಾಯುತ್ತಿತ್ತು. ನಮ್ಮ ತರಬೇತಿಯಲ್ಲಿ ಯಾರೂ ಹಾಗೆ ಕಾಯುತ್ತಿರುವುದಿಲ್ಲ. ಆದರೂ ಆ ಹುರುಪು ಮಾತ್ರ ನಮ್ಮೊಳಗೆ ಬಂದು ಕೂತಿದೆ. ಸಮಯಕ್ಕೆ ಮುಟ್ಟಲೇಬೇಕು, ಏನಾದರಾಗಲಿ. ಹೊಸ ಡ್ರೈವರ್‌ಗಳಲ್ಲಿ ಇದನ್ನು ನೋಡಿದಾಗ ನನಗೆ ಭಯವಾಗುತ್ತದೆ.

ಭಯಕ್ಕೆ ಕಾರಣ ಇದೆ. 2021ರಲ್ಲಿ ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಒಂದು ವರದಿ ಕೊಟ್ಟಿತು. 2010ರಿಂದ 2019ರವರೆಗೆ ಅಲ್ಲಿನ ಭೂಸೇನೆ ಮತ್ತು ಮರೀನ್ ಪಡೆಯಲ್ಲಿ ಯುದ್ಧವಲ್ಲದ ಸಮಯದಲ್ಲಿ ಆದ ಸೇನಾ ವಾಹನ ಅಪಘಾತಗಳು 3,753. ಸತ್ತವರು 123. ಗಾಡಿ ಮಗುಚಿದ ಅಪಘಾತಗಳು ಒಟ್ಟಿನಲ್ಲಿ ಕಾಲು ಭಾಗದಷ್ಟಿದ್ದರೂ ಸಾವಿನಲ್ಲಿ ಅವುಗಳ ಪಾಲು 63 ಶೇಕಡ. ಕಾರಣಗಳ ಪಟ್ಟಿಯಲ್ಲಿ ಶತ್ರು ಎಲ್ಲೂ ಇಲ್ಲ. ಡ್ರೈವರ್‌ನ ಗಮನ ತಪ್ಪಿದ್ದು, ಮೇಲ್ವಿಚಾರಣೆ ಸಡಿಲವಾದದ್ದು, ತರಬೇತಿ ಸಾಲದಿದ್ದದ್ದು. ಲೈಸೆನ್ಸ್ ಸಿಕ್ಕ ಮೇಲೆ ಘಟಕದಲ್ಲಿ ನಡೆಯಬೇಕಾದ ಮುಂದಿನ ಕಲಿಕೆಯನ್ನು ಬೇರೆ ಕೆಲಸಗಳು ತಳ್ಳಿಹಾಕುತ್ತವೆ ಅನ್ನುವುದನ್ನೂ ಆ ವರದಿ ಎತ್ತಿ ತೋರಿಸಿತು. ಓದುವಾಗ ಯಾರೋ ನಮ್ಮ ಶೆಡ್ಡಿನಲ್ಲಿ ಕೂತು ಬರೆದಿದ್ದಾರೆ ಅನ್ನಿಸಿತು.

ಮಗುಚುವುದಕ್ಕೂ ಒಂದು ಅಭ್ಯಾಸ ಇದೆ. ಗಾಡಿ ವಾಲುತ್ತಿದೆ ಅಂತ ಮೊದಲು ಗೊತ್ತಾದವರು ಕೂಗಬೇಕು. ಎಲ್ಲರೂ ಅದನ್ನೇ ಕೂಗಬೇಕು. ಗಾಡಿಯ ಮೇಲಿನ ಕಿಂಡಿಯಲ್ಲಿ ನಿಂತವನನ್ನು ಒಳಗೆ ಎಳೆಯಬೇಕು. ಕೈಕಾಲು ಗಟ್ಟಿ ಊರಿ, ಗದ್ದ ಎದೆಗೆ ಒತ್ತಬೇಕು. ಇದೆಲ್ಲ ಆಗಬೇಕಾದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಬೆಲ್ಟ್ ಹಾಕದವನಿಗೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಇಷ್ಟಾದರೂ ಕ್ಯಾಬಿನ್‌ನಲ್ಲಿ ಬೆಲ್ಟ್ ಹಾಕಿ ಅಂತ ಹೇಳಬೇಕಾಗಿ ಬರುತ್ತದೆ. ನಾನು ಹೇಳುತ್ತೇನೆ, ಎದುರಿಗಿರುವವರು ಎಷ್ಟೇ ದೊಡ್ಡ ಅಧಿಕಾರಿಯಾದರೂ ಸರಿ. "ಸರ್, ಬೆಲ್ಟ್ ಹಾಕಿದ ಮೇಲೆ ಹೊರಡೋಣ." ಇದುವರೆಗೆ ಯಾರೂ ಬೈದಿಲ್ಲ.

ಮೀಸಲು ಡ್ರೈವರ್‌ಗೆ ಇನ್ನೊಂದು ಅಪಾಯ ಇದೆ. ಶುಕ್ರವಾರ ಸಂಜೆ. ಬೆಳಿಗ್ಗೆಯಿಂದ ಅವನು ತನ್ನ ಕೆಲಸ ಮಾಡಿ ಬಂದಿರುತ್ತಾನೆ. ನರ್ಸ್ ಆದರೆ ಹಿಂದಿನ ರಾತ್ರಿಪಾಳಿಯೂ ಇರಬಹುದು. ಸಂಜೆ ಘಟಕಕ್ಕೆ ಬಂದು, ಸಾಮಾನು ತುಂಬಿ, ರಾತ್ರಿಯೇ ಶಿಬಿರಕ್ಕೆ ಹೊರಡಬೇಕು. ಲೆಕ್ಕದಲ್ಲಿ ಅವನ ಡ್ಯೂಟಿ ಶುರುವಾದದ್ದು ಸಂಜೆ ಏಳಕ್ಕೆ. ದೇಹದ ಲೆಕ್ಕದಲ್ಲಿ ಬೆಳಿಗ್ಗೆ ಆರಕ್ಕೆ. ಯುರೋಪಿನ ನಿಯಮದಲ್ಲಿ ಸಾಮಾನ್ಯ ಲಾರಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮಿತಿ. ಸೇನೆಯ ಗಾಡಿಗಳಿಗೆ ಆ ಕಾನೂನಿನಿಂದ ವಿನಾಯಿತಿ ಇದೆ. ವಿನಾಯಿತಿ ಕಾಗದಕ್ಕೆ ಸಿಕ್ಕಿದೆ, ಕಣ್ಣಿನ ರೆಪ್ಪೆಗೆ ಸಿಕ್ಕಿಲ್ಲ. ಹಾಗಾಗಿ ವರ್ಕ್ ಟಿಕೆಟ್‌ಗೆ, ಅಂದರೆ ಗಾಡಿ ಹೊರಡಲು ಅನುಮತಿ ಕೊಡುವ ಚೀಟಿಗೆ, ಸಹಿ ಹಾಕುವ ಮೊದಲು "ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದ್ದೆ?" ಅಂತ ಕೇಳುವ ಅಧಿಕಾರಿ ಸಿಕ್ಕರೆ ಅದು ಪುಣ್ಯ. ಹಾಗೆ ಕೇಳುವವರೊಬ್ಬರು ನಮ್ಮಲ್ಲಿದ್ದಾರೆ. ಕಡಿಮೆ ಮಲಗಿದ್ದೆ ಅಂದರೆ ಸುಮ್ನೆ ಕೀಲಿ ವಾಪಸ್ ತೆಗೆದುಕೊಂಡು ಇನ್ನೊಬ್ಬರಿಗೆ ಕೊಡುತ್ತಾರೆ. ಬೈಗುಳ ಇಲ್ಲ, ಉಪದೇಶ ಇಲ್ಲ. ಬೇರೆ ಡ್ರೈವರ್ ಇಲ್ಲದಿದ್ದರೆ ಗಾಡಿ ಬೆಳಿಗ್ಗೆ ಹೊರಡುತ್ತದೆ.

ಈಗ ಆ ರಾತ್ರಿಗಳ ವಿಷಯ. ವಾರಾಂತ್ಯದ ವೇಳಾಪಟ್ಟಿಯಲ್ಲಿ ಓಡಿಸುವ ತರಬೇತಿ ಇರುತ್ತದೆ. ಆದರೆ ಅದು ಕೊನೆಯಲ್ಲಿರುತ್ತದೆ. ಹಾಜರಿ, ಭಾಷಣ, ಕಂಪ್ಯೂಟರ್‌ನಲ್ಲಿ ಮಾಡಲೇಬೇಕಾದ ಪಾಠಗಳು, ಸಾಮಾನಿನ ಎಣಿಕೆ ಎಲ್ಲ ಮೊದಲು. ಒಂದೊಂದೂ ಸ್ವಲ್ಪ ಸ್ವಲ್ಪ ಎಳೆದು, ಕೊನೆಗೆ ಇದ್ದ ಮೂರು ಗಂಟೆಯಲ್ಲಿ ಒಂದು ಗಂಟೆ ಉಳಿಯುತ್ತದೆ. ಅದೂ ಹಗಲಿನಲ್ಲಿ, ಡಾಂಬರು ರಸ್ತೆಯಲ್ಲಿ. ಕೆಸರು, ಇಳಿಜಾರು, ಕತ್ತಲೆ ಎಲ್ಲ ವರ್ಷದ ಶಿಬಿರಕ್ಕೆ ಬಿಟ್ಟದ್ದು. ಇಳಿಜಾರು ಹತ್ತುವಾಗ ಗಾಡಿ ಸೋತರೆ ಪಕ್ಕಕ್ಕೆ ತಿರುಗಿಸಬಾರದು, ರಿವರ್ಸ್ ಗೇರಿನಲ್ಲೇ ನೇರ ಹಿಂದಕ್ಕೆ ಇಳಿಯಬೇಕು ಅಂತ ತರಗತಿಯಲ್ಲಿ ಹೇಳಿಕೊಡಬಹುದು. ಆದರೆ ಎದುರಿಗೆ ಬರೀ ಆಕಾಶ ಕಾಣುತ್ತಾ, ಚಕ್ರ ಜಾರುತ್ತಾ ಇರುವಾಗ ಸ್ಟೇರಿಂಗ್ ತಿರುಗಿಸದೇ ಇರುವುದು ಬೇರೆ ಮಾತು. ಕೈ ತಾನಾಗೇ ತಿರುಗಿಸಲು ಹೋಗುತ್ತದೆ. ಅದನ್ನು ತಡೆಯುವುದು ಅಭ್ಯಾಸ ಒಂದೇ.

ಯಾರೂ ಕೆಟ್ಟ ಉದ್ದೇಶದಿಂದ ಹೀಗೆ ಮಾಡುವುದಿಲ್ಲ. ಕಂಪ್ಯೂಟರ್ ಪಾಠ ಮುಗಿದಿದೆಯೋ ಇಲ್ಲವೋ ಅಂತ ಮೇಲಿನವರು ಎಣಿಸುತ್ತಾರೆ. ಒಬ್ಬ ಡ್ರೈವರ್ ಕತ್ತಲಲ್ಲಿ ಎಷ್ಟು ಗಂಟೆ ಓಡಿಸಿದ್ದಾನೆ ಅಂತ ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ಲೈಸೆನ್ಸ್ ಇದೆ ಅಲ್ವಾ, ಅಷ್ಟು ಸಾಕು. ಲೈಸೆನ್ಸ್ ಅನ್ನುವುದು ಒಂದು ದಿನ ಓಡಿಸಬಲ್ಲವನಾಗಿದ್ದ ಅನ್ನುವುದಕ್ಕೆ ಸಾಕ್ಷಿ. ಇವತ್ತು ಓಡಿಸಬಲ್ಲನೇ ಅನ್ನುವುದಕ್ಕಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಯಾಕೆ ಬಿಟ್ಟಿಲ್ಲ ಅಂತ ಕೇಳಬಹುದು. ಹೊರಗೆ ಉಪಯೋಗಕ್ಕೆ ಬರುವ ಭಾರಿ ವಾಹನದ ಲೈಸೆನ್ಸ್ ಒಂದು ಕಾರಣ, ಕೆಲವರಿಗೆ ಅದೇ ಮುಖ್ಯ ಕಾರಣ, ತಪ್ಪೇನಿಲ್ಲ. ನನಗೆ ಕಾರಣ ಬೇರೆ. ಮಳೆಯಲ್ಲಿ ಎರಡು ದಿನ ನೆನೆದ ಜನರ ಹತ್ತಿರ ಒಣ ಹೊದಿಕೆ, ನೀರು, ಊಟ ತುಂಬಿದ ಲಾರಿ ಬಂದು ನಿಂತಾಗ ಅವರ ಮುಖ ನೋಡಬೇಕು. ಯಾರೂ ಡ್ರೈವರ್‌ನ ನೋಡುವುದಿಲ್ಲ, ಲಾರಿಯ ಹಿಂಭಾಗ ನೋಡುತ್ತಾರೆ. ಅದು ಸರಿಯಾಗಿಯೇ ಇದೆ. ಪ್ರವಾಹ ಬಂದಾಗಲೂ ಅಷ್ಟೇ. ಕಾರು ಹೋಗದ ನೀರಿನಲ್ಲಿ ನಮ್ಮ ಎತ್ತರದ ಲಾರಿ ಹೋಗುತ್ತದೆ. ಮುಂದೆ ಒಬ್ಬರು ಕೋಲು ಹಿಡಿದು ಆಳ ನೋಡುತ್ತಾ ನಡೆಯುತ್ತಾರೆ, ಹಿಂದೆ ನಾನು ಮೊದಲ ಗೇರಿನಲ್ಲಿ, ಕಾಲು ಅಲ್ಲಾಡಿಸದೆ. ಮನೆ ಬಿಟ್ಟು ಬಂದ ಮುದುಕರು, ಮಕ್ಕಳು ಹಿಂದೆ ಕೂತಿರುತ್ತಾರೆ. ಆ ದಿನ ನನ್ನ ಕಾಲಿಗೆ ಬ್ರೇಕಿನ ಲೆಕ್ಕ ನೆನಪಿರಬೇಕು. ತಿಂಗಳ ಹಿಂದಿನ ಒಂದು ಗಂಟೆಯ ಮೇಲೆ ಅವರೆಲ್ಲರ ಭಾರ ಹಾಕುವುದು ನ್ಯಾಯವಲ್ಲ.

ಹಾಗಾಗಿ ಈ ಸಲ ಒಂದು ಕೆಲಸ ಮಾಡಿದ್ದೇವೆ. ನಾವು ಕೆಲವು ಡ್ರೈವರ್‌ಗಳು ಸೇರಿ ಘಟಕಕ್ಕೆ ಬರೆದು ಕೊಟ್ಟಿದ್ದೇವೆ. ಬರುವ ವರ್ಷದ ವೇಳಾಪಟ್ಟಿಯಲ್ಲಿ ಓಡಿಸುವ ಗಂಟೆಗಳನ್ನು ಮೊದಲು ಹಾಕಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ಎರಡು ತಿಂಗಳಿಗೊಮ್ಮೆಯಾದರೂ ಒಂದು ರಾತ್ರಿ ಓಟ ಇರಲಿ. ಪ್ರತಿ ಡ್ರೈವರ್‌ನ ಹೆಸರಿನ ಮುಂದೆ ಹಗಲಿನ ಗಂಟೆ, ರಾತ್ರಿಯ ಗಂಟೆ, ರಸ್ತೆ ಬಿಟ್ಟು ಓಡಿಸಿದ ಗಂಟೆ ಬೇರೆ ಬೇರೆ ಬರೆಯಿರಿ. ಶುಕ್ರವಾರ ರಾತ್ರಿಯ ಪ್ರಯಾಣವನ್ನು ಶನಿವಾರ ನಸುಕಿಗೆ ಹಾಕಿ. ಟಾರ್ಚಿಗೆ ದಾರ ಕಟ್ಟಬೇಕು ಅನ್ನುವುದನ್ನೂ ನಿಯಮದಲ್ಲಿ ಸೇರಿಸಿ ಅಂತ ಆ ನರ್ಸ್ ಹುಡುಗಿ ಕೊನೆಯಲ್ಲಿ ಬರೆದಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ವಾರಾಂತ್ಯ ಎಲ್ಲರ ಎದುರಿಗೆ ಈ ವಿಷಯ ಎತ್ತುವುದು ನನ್ನ ಪಾಲಿಗೆ ಬಂದಿದೆ.